ಕೈ ಹಿಡಿಸುವಷ್ಟು ಆಳ

ಟೋರ್ಶಾವ್ನ್ ಬಂದರಿಗೆ ಬೆನ್ನು ಹಾಕಿ ಕೂತ ನನ್ನ ಅಂಗಡಿಗೆ
ಇಂದು ಬಂದವಳಿಗೆ ಹತ್ತೊಂಬತ್ತೋ ಇಪ್ಪತ್ತೋ.
ಪ್ಯಾಂಟನ್ನು ಮೇಜಿನ ಮೇಲೆಸೆದು,
"ಇದನ್ನ ಕಿಸೆ ಅಂತಾರಂತೆ, ಉಗುರೂ ಹೋಗಲ್ಲ" ಅಂದಳು.
ತಿರುವಿ ನೋಡಿದೆ. ಬಾಯಿ ಇದೆ, ಹೊಟ್ಟೆಯಿಲ್ಲ.
ಎರಡು ಸಾಲು ಹೊಲಿಗೆ, ನಡುವೆ ಒಂದು ಸುಳ್ಳು.

ಬ್ಲೇಡು ತಗುಲಿದರೆ ದಾರ ಚಿಟ್ ಚಿಟ್ ಎನ್ನುತ್ತದೆ.
ಆ ಸದ್ದಿಗೆ ಓರ್ನೆಲ್ಲಾ ಬಂದು ಎದುರಿಗೆ ಕೂರುತ್ತಾಳೆ.

ನಮಗಿಬ್ಬರಿಗೂ ಇಪ್ಪತ್ತೆರಡಾಗಿದ್ದಾಗ
ಇಟಲಿಯ ಆಲ್ಬಿನೊದಲ್ಲಿ, ಸೆರಿಯೊ ನದಿಯ ಮಗ್ಗುಲಿಗೆ,
ಒಂದೇ ಕಾರ್ಖಾನೆ, ಒಂದೇ ಬೆಂಚು.
ದಿನವಿಡೀ ಗಂಡಸರ ಕೋಟು. ಕೋಟಿಗೆ ಏಳು ಕಿಸೆ:
ಗಡಿಯಾರಕ್ಕೊಂದು, ಚೀಟಿಗೊಂದು, ಬರೀ ಠೀವಿಗೊಂದು.
ಸಂಬಳದ ದಿನ ಲಕೋಟೆಯನ್ನು
ಅವಳು ಎದೆಯೊಳಗೆ, ನಾನು ಕಾಲುಚೀಲದೊಳಗೆ
ತುರುಕಿಕೊಂಡು, ನಗುತ್ತ, ಕುಂಟುತ್ತ ಮನೆಗೆ.

ಆ ಮಾರ್ಚಿನಲ್ಲಿ ಅವಳ ಕಣಿವೆಯ ಚರ್ಚು
ಸಾವಿನ ಗಂಟೆ ಬಾರಿಸುವುದನ್ನೇ ಬಿಟ್ಟಿತು;
ಬಾರಿಸತೊಡಗಿದರೆ ನಿಲ್ಲಿಸಲು ಬಿಡುವಿರಲಿಲ್ಲ.
ಬತ್ತಿಸ್ತಾನನ್ನು ಒಯ್ದು ಆರು ದಿನವಾಗಿತ್ತು.
"ಪೇಪರಿನ ಹತ್ತು ಪುಟ ತುಂಬ ಮುಖಗಳು, ರಾನ್ವಾ.
ಓದುವುದಿಲ್ಲ. ಎಣಿಸುತ್ತೇನೆ."
ರೊಟ್ಟಿ ತರಲು ಹೊರಟರೂ ಚೀಟಿ ಬೇಕು,
ಯಾರು, ಎಲ್ಲಿಗೆ, ಯಾಕೆ.
ಅಂದಾಜಿನ ಮೇಲೆ ಬರೆದಳು, ಓರೆ ಓರೆ ಸಾಲು.
ಚೀಟಿ, ಪೆನ್ನು, ಕೀಲಿ, ಚಿಲ್ಲರೆ, ಕೈತೊಳೆಯುವ ಸೀಸೆ,
ಇಷ್ಟಕ್ಕೂ ಅವಳ ಲಂಗದಲ್ಲಿ ಜಾಗವಿಲ್ಲ.
ಒಂದು ಕೈಯಲ್ಲಿ ಎಲ್ಲ ಅವುಚಿಕೊಂಡು
ಇನ್ನೊಂದು ಕೈಯನ್ನು ಯಾವುದಕ್ಕೂ ತಾಗಿಸದೆ
ನಡುಬೀದಿಯಲ್ಲಿ ನಡೆದಳು.

"ನಿಮ್ಮಲ್ಲಿ ಹೇಗಿದೆ?" ಕೇಳಿದಳು.

ನಮ್ಮಲ್ಲಿ, ಸಾಲ್ಮನ್ ಮೀನಿನ ರೋಗ ಹುಡುಕುವ ಯಂತ್ರಕ್ಕೆ
ನಮ್ಮ ಮೂಗಿನ ಕಡ್ಡಿಗಳನ್ನೂ ಉಣಿಸಿದ್ದರು.
ಶಾಲೆಗೆ ರಜೆ. ಮಕ್ಕಳು ಕುರಿಗಳ ಹಿಂದೆ ಗುಡ್ಡ ಹತ್ತಿದ್ದರು.
ಪಕ್ಕದ ಮನೆಯವನು ಬೇಲಿಗೆ ಬಣ್ಣ ಬಳಿಯುತ್ತಿದ್ದ.
ಇಲ್ಲಿ ಯಾರೂ ಸತ್ತಿಲ್ಲ ಎಂಬುದನ್ನು
ಯಾವ ದನಿಯಲ್ಲಿ ಹೇಳುತ್ತಾರೆ?
"ಗಾಳಿ ಜೋರು" ಅಂದೆ.
ಇಲ್ಲಿ ಯಾವತ್ತೂ ಗಾಳಿ ಜೋರು.

ಅವನ ಬಟ್ಟೆ ಪ್ಲಾಸ್ಟಿಕ್ ಚೀಲದಲ್ಲಿ ಮನೆಗೆ ಬಂತು,
ಅವನು ಬರಲಿಲ್ಲ.
ಹದಿನೈದು ದಿನ ಬಾಲ್ಕನಿಯಲ್ಲಿಟ್ಟು ಆಮೇಲೆ ಗಂಟು ಬಿಚ್ಚಿದಳು.
ಕೋಟಿನ ಕಿಸೆಗಳಲ್ಲಿ
ಕಾಫಿ ಅಂಗಡಿಯಿಂದೆತ್ತಿದ ಸಕ್ಕರೆ ಪೊಟ್ಟಣ, ಎರಡು,
ಒಂದು ತಿರುಪುಮೊಳೆ, ಸವೆದ ಪೆನ್ಸಿಲ್ಲು,
ಮತ್ತೆ ಅವಳ ಓದುವ ಕನ್ನಡಕ.
"ಮೂವತ್ತೆಂಟು ವರ್ಷ, ರಾನ್ವಾ,
ಇದನ್ನಿಟ್ಟುಕೋ ಅಂತ ಅವನ ಕೈಗೇ ಕೊಟ್ಟೆ.
ನನಗೆಲ್ಲಿತ್ತು ಕಿಸೆ?
ನನ್ನ ಕಣ್ಣು ಇಟ್ಟುಕೊಂಡೇ ಹೋಗಿದ್ದಾನೆ ನೋಡು ಆಸ್ಪತ್ರೆಗೆ."

ಕನ್ನಡಕ ಹಾಕಿಕೊಂಡು ಹಳೆಯ ಪೇಪರುಗಳನ್ನೆಲ್ಲ ಓದಿದಳಂತೆ,
ಒಂದೊಂದೇ ಹೆಸರು, ರಾತ್ರಿ ಪೂರ್ತಿ.

ಆಮೇಲೆ ಅವನ ಕೋಟಿನಿಂದ ಕಿಸೆ ಬಿಚ್ಚಿ
ತನ್ನ ಕಪ್ಪು ಉಡುಪಿಗೆ ಹಚ್ಚಲು ಕೂತು ಫೋನು ಮಾಡಿದಳು.
"ಎಷ್ಟು ಆಳ ಇರಲಿ?"
ಸಾವಿರ ಕಿಸೆ ಹೊಲಿದವಳು ನನ್ನ ಕೇಳುತ್ತಾಳೆ.
"ಮಣಿಕಟ್ಟಿನ ತನಕ" ಅಂದೆ.
ಆ ಕಡೆ ಕತ್ತರಿಯಾಡಿತು. ಈ ಕಡೆ
ನಾನು ಫೋನು ಹಿಡಿದು ನಿಂತಿದ್ದೆ.
ಆ ವರ್ಷವೆಲ್ಲ ಅವಳಿಗೆ ನನ್ನಿಂದಾದದ್ದು
ಅದೊಂದು ಅಳತೆ.

"ಫೋನು ಹಿಡಿದರೆ ಸಾಕು" ಅನ್ನುತ್ತಿದ್ದಾಳೆ ಈ ಹುಡುಗಿ.
ನಾನು ಮಣಿಕಟ್ಟಿನ ತನಕ ಕತ್ತರಿಸುತ್ತೇನೆ.
ಹೆಚ್ಚಿನ ಬಟ್ಟೆಗೆ ದುಡ್ಡು ಕೇಳುವುದಿಲ್ಲ.
ತೊಟ್ಟು ನೋಡಿದಳು. ಕೈ ಇಳಿಸಿದಳು, ಇನ್ನೂ ಇಳಿಸಿದಳು,
"ಅಯ್ಯೋ, ಇಷ್ಟೊಂದಾ!" ಎಂದು ನಕ್ಕು
ಬಾಗಿಲು ತೆಗೆದಳು.
ಹೊರಗೆ ಗಾಳಿ ಜೋರಿತ್ತು.
ಎರಡೂ ಕೈ ಒಳಗಿಟ್ಟುಕೊಂಡೇ ಹೋದಳು.