ಗುಡಿಸು

ಭಾನುವಾರ. ತಲೆಗೆ ಗೋರಂಟಿ ಮೆತ್ತಿಕೊಂಡು
ಹಳೇ ಟವೆಲು ಹೊದ್ದು ಕೂತರೆ
ಎರಡು ಗಂಟೆ ಎಲ್ಲೂ ಏಳುವಂತಿಲ್ಲ.
ತ್ಯಾಗರಾಜನಗರದ ಬಾಲ್ಕನಿ, ಮೊಂಡು ಪೆನ್ಸಿಲು,
ತೊಡೆಯ ಮೇಲೆ ಪುರವಣಿಯ ಕಡೆಯ ಪುಟ.
ಹನ್ನೊಂದು ಅಡ್ಡ, ಹನ್ನೊಂದು ಉದ್ದ,
ಬಾಗಿಲಿಲ್ಲದ ಮನೆಗಳು, ಮನೆಗೊಂದೇ ಒಕ್ಕಲು,
ನಡುನಡುವೆ ಯಾರೂ ಕಟ್ಟದೆ ಬಿಟ್ಟ
ಕಪ್ಪು ಸೈಟುಗಳು.

ಮೊದಮೊದಲು ಸಲೀಸು.
‘ಹಿಂದಿನಿಂದ ಹೋದರೂ ಅದೇ ಊರು’: ಗದಗ.
‘ಕೊರಳಲ್ಲಿದ್ದದ್ದು ತಿರುಗಿ ನಾಲಿಗೆಗೆ ಬಂತು’:
ಸರ ತಿರುವಿ ರಸ.
ಇಷ್ಟಕ್ಕೇ ಬೀಗುತ್ತೇನೆ.
ಗಿರಿನಗರದಲ್ಲಿ ವಾಮನಮೂರ್ತಿಯೂ ಇದೇ ಹೊತ್ತಿಗೆ
ಇದೇ ಪುಟದ ಮುಂದೆ. ಆದರೆ ಪೆನ್ನು.
ಪೆನ್ನಿನಲ್ಲೇ ತುಂಬುವ ಆಸಾಮಿ.
ಒಂದು ಗಂಟೆಗೆ ಸರಿಯಾಗಿ ಫೋನು: ‘ಎಷ್ಟು ಬಾಕಿ?’
ಹಲೋ ಇಲ್ಲ, ಊಟ ಆಯ್ತಾ ಇಲ್ಲ.

‘ನುಡಿಯ ಕೊನೆಗೆ ಗುಡಿಸಿದರೆ ಮುಖ ಕಾಣುತ್ತದೆ.’ ಮೂರು ಮನೆ.
ನುಡಿ ಅಂದರೆ ಕನ್ನಡ, ಇನ್ನೇನು,
ಯೋಚಿಸದೆ ಬರೆದೆ.
ಗುಡಿಸುವುದೆಂದರೆ ನನಗೆ ಪೊರಕೆ,
ಲಕಲಕ ನೆಲ, ನೆಲದಲ್ಲಿ ಮುಖ. ಸರಿಯೇ ಇದೆಯಲ್ಲ.
ಅದರ ಬಾಲ ಹಾದು ಅಡ್ಡಕ್ಕೆ ಹೊರಟಿತ್ತು ಹದಿನೇಳು:
‘ಒಡೆದರೆ ಚೂರು, ಬಿಚ್ಚಿದರೆ ಸೀರೆ.’
ನಡುಮನೆಯಲ್ಲಿ ನನ್ನ ಡ.
ಮಡಕೆ, ಅಂದೆ. ಒಡೆದರೆ ಚೂರು, ಒಪ್ಪಿದೆ.
ಸೀರೆ ಎಲ್ಲಿಂದ ಬಂತು ಮಡಕೆಯೊಳಗೆ?
ಬರೆದೆ. ಅಳಿಸಿದೆ. ಮತ್ತೆ ಬರೆದು
ಪಕ್ಕಕ್ಕೊಂದು ಪ್ರಶ್ನೆಚಿಹ್ನೆ ನೆಟ್ಟೆ.

ಇನ್ನು ಇಪ್ಪತ್ತೆರಡು, ಮೇಲಿನಿಂದ ಕೆಳಕ್ಕೆ, ಎರಡೇ ಮನೆ:
‘ನೆರೆ ಬಂತು, ಯಾರೂ ಮುಳುಗಲಿಲ್ಲ.’
ಬೆಳ್ಳಂದೂರಿಗೆ ಹೋದೆ, ಹೊಸಕೆರೆಹಳ್ಳಿಗೆ ಹೋದೆ,
ಬೇಸ್‌ಮೆಂಟಿನಲ್ಲಿ ತೇಲಿದ ಕಾರುಗಳನ್ನೆಲ್ಲ ನೆನೆದೆ,
ಕೂತಲ್ಲೇ ರಾಜಕಾಲುವೆಯ ಉದ್ದಕ್ಕೂ ನಡೆದೆ.
ಗೋರಂಟಿ ಒಣಗಿ ಹಣೆಯ ಮೇಲೆ ಉದುರಿತು.
ಒರೆಸಿಕೊಂಡೆ. ಹೊಳೆಯಲಿಲ್ಲ.

‘ಎಷ್ಟು ಬಾಕಿ?’
‘ಒಂದೂವರೆ,’ ಅಂದೆ.
ನಕ್ಕು ಇಟ್ಟುಬಿಟ್ಟ.

ಸೋಮವಾರ ಆ ಪುಟವೂ ಸೇರಿ ವಾರದ ರದ್ದಿಯೆಲ್ಲ
ನಾಲ್ಕನೇ ಕ್ರಾಸಿನ ಹೊಂಗೆಮರದಡಿ
ಚಿಕ್ಕತಾಯಮ್ಮನ ಇಸ್ತ್ರಿ ಗಾಡಿಗೆ,
ಬಟ್ಟೆ ಸುತ್ತಲಿಕ್ಕೆ. ಅದು ನಮ್ಮಿಬ್ಬರ ಹಳೇ ಕರಾರು.
ಗುರುವಾರ ನನ್ನ ನೀಲಿ ಇಳಕಲ್ ಸೀರೆ ವಾಪಸು ಬಂತು
ಬೆಚ್ಚಗೆ, ಇದ್ದಿಲ ವಾಸನೆ ಹೊತ್ತು.
ದಾರ ಬಿಚ್ಚುವಾಗ ನೋಡುತ್ತೇನೆ, ನನ್ನದೇ ಪೆನ್ಸಿಲ ಅಕ್ಷರ,
ಅರ್ಧಕ್ಕೆ ಹರಿದ ಪದಬಂಧ.
ಆ ಡ ಇದೆಯಲ್ಲ, ಅದರ ನೆತ್ತಿಗೆ
ಯಾರೋ ಕೆಂಪು ಬಾಲ್‌ಪೆನ್ನಿನಲ್ಲಿ
ಒಂದು ಗುಡಿಸು ಎಳೆದಿದ್ದರು.
ಅಷ್ಟೇ.
ಉದ್ದಕ್ಕೆ ಕನ್ನಡಿ. ಅಡ್ಡಕ್ಕೆ ಮಡಿಕೆ.
ಕೈಯಲ್ಲಿದ್ದ ಸೀರೆ ಅರ್ಧ ಬಿಚ್ಚಿಕೊಂಡಿತ್ತು.
ಒಂದನೇ ಕ್ಲಾಸಿನ ಮಣೆ ಮೇಲೆ ಕೂತು ಒದರಿದ್ದೆನಲ್ಲ,
ಕ ಗುಡಿಸು ಕಿ, ಡ ಗುಡಿಸು ಡಿ!
ಮೂವತ್ತು ವರ್ಷ ಕಾಲೇಜಿನಲ್ಲಿ ರಸಾಯನಶಾಸ್ತ್ರ ಹೇಳಿ
ಉಳಿದದ್ದು ಪೊರಕೆ.

ಸಿಕ್ಕ ಚಪ್ಪಲಿ ಮೆಟ್ಟಿ ಹೋದೆ.
ಅವಳು ಪೆಟ್ಟಿಗೆಗೆ ಕೆಂಡ ತುಂಬುತ್ತಿದ್ದಳು.
‘ಗುಡಿಸು ಹಾಕಿದ್ದು ನೀನಾ?’
‘ನೀವು ಮರ್ತಿದ್ರಿ,’ ಅಂದಳು,
ಇನ್ಯಾರದೋ ಕಾಲರಿಗೆ ನೀರು ಚಿಮುಕಿಸುತ್ತ.
‘ಮತ್ತೆ ಇಪ್ಪತ್ತೆರಡು? ಆ ನೆರೆ?’
‘ಅದೂ ಬರ್ದಿದ್ದೆ. ಆ ತುಂಡು
ಡಾಕ್ಟ್ರ ಪ್ಯಾಂಟಿನ ಜತೆ ಹೋಯ್ತಲ್ಲ.’
‘ಏನಂತ ಬರೆದೆ?’
ತಲೆಯೆತ್ತಿದವಳು ನನ್ನ ಬೈತಲೆಯನ್ನೇ ನೋಡಿದಳು ಒಂದು ಗಳಿಗೆ,
ಭಾನುವಾರದ ಕೆಂಪು ಇನ್ನೂ ಹಸಿಹಸಿ.
ಏನೋ ಹೇಳಹೊರಟು, ಕಾಲರಿನ ಮೇಲೆ ಪೆಟ್ಟಿಗೆ ಒತ್ತಿದಳು.
‘ನೀವೇ ಕಂಡ್ಹಿಡೀರಿ ಮೇಡಂ.
ಏಳು ಬಟ್ಟೆ, ಎಪ್ಪತ್ತು.’

ದುಡ್ಡು ಕೊಟ್ಟು ಅಲ್ಲೇ ನಿಂತೆ,
ಎದುರು ಮಹಡಿಯಲ್ಲಿ ಡಾಕ್ಟರ ಮನೆಯ
ಮುಚ್ಚಿದ ಕಿಟಕಿ ನೋಡುತ್ತ, ಎರಡೇ ಅಕ್ಷರ ಎಣಿಸುತ್ತ,
ಕೂದಲಿಗೆ ಸಿಕ್ಕಿದ ಬಿಳೀ ಹೊಂಗೆಹೂವನ್ನು
ಕೊಡವುವುದಕ್ಕೂ ಮರೆತು.