ಎರಡೆಳೆ

ಅಂಗಡಿ ಮುಚ್ಚಲು ಹದಿನೈದು ನಿಮಿಷವಿರುವಾಗ ಬಂದರು
ಬೋಗುಮಿವಾ. ಟೊಪ್ಪಿಯ ಮೇಲಿನ ಹಿಮ ಕೊಡವಲಿಲ್ಲ.
ಔಷಧಿ ಚೀಟಿಯ ಬೆನ್ನಿಗೆ ಬರೆಸಿ ತಂದಿದ್ದರು:
‘ರೌಟರ್. ಎರಡು ತಂತಿ ಸೇರಿ ಒಂದಾಗುವಂಥದ್ದು.’
ಅದರ ಕೆಳಗೆ, ಒತ್ತಿ ಬರೆದದ್ದು:
‘ಮನೆಯೊಳಗಿನ ತಂತಿ. ಬೀದಿಯದಲ್ಲ.’

ವುಚ್ ನಗರದ ಈ ಮೂಲೆಯಲ್ಲಿ, ಟ್ರಾಮು ಕಿರುಗುಟ್ಟಿ ಹೊರಳುವಲ್ಲಿ
ಹನ್ನೊಂದು ವರ್ಷದಿಂದ ಪೆಟ್ಟಿಗೆ ಮಾರುತ್ತಿದ್ದೇನೆ ನಾನು, ಜೆನೋನ್.
ಕೊಂಬು ನಾಲ್ಕಾದರೆ ಒಂದು ಬೆಲೆ, ಎಂಟಾದರೆ ಇನ್ನೊಂದು.
ಹಲ್ಲು ನೋಡಬೇಕಾದಲ್ಲಿ ಜನ ಕೊಂಬು ಎಣಿಸುತ್ತಾರೆ.

ಇವರು ಎತ್ತಿ, ಮಗುಚಿ, ಹಿಂಬದಿ ನೋಡಿದರು.
ನೂಲಿನ ಗಿರಣಿಯಲ್ಲಿ ಮೂವತ್ತು ವರ್ಷ ನಿಂತ ಕೈ;
ತೋರುಬೆರಳ ತುದಿ ಸವೆದು ನುಣುಪು.
“ಎರಡೆಳೆ ಸೇರಿಸಿ ಹುರಿ ಹಾಕಿದರೆ
ಎರಡಕ್ಕಿಂತಲೂ ಗಟ್ಟಿ. ಇದೂ ಹಾಗೇನಾ?”

ಹೌದು ಅನ್ನಬಹುದಿತ್ತು.
ಮೇಲಿನ ಕಪಾಟಿನಲ್ಲಿ ಒಂಬೈನೂರು ಜ್ವೋತಿಯ ಕಪ್ಪು ಜೇಡ
ಅಕ್ಟೋಬರಿನಿಂದ ಧೂಳು ತಿನ್ನುತ್ತ ಕೂತಿತ್ತು.
ಮಾರಿದರೆ ನನಗೂ ನಾಲ್ಕು ಕಾಸು.

ಹಾಗಲ್ಲ ಎಂದೆ.
ಇವು ಹುರಿಗೊಳ್ಳುವುದಿಲ್ಲ. ಮಗ್ಗುಲಿಗೆ ಮಗ್ಗುಲು ಮಲಗುತ್ತವೆ, ಅಷ್ಟೆ.
ಹೊರಗಿನವರಿಗೆ ಒಂದೇ ಹೆಸರು, ಒಳಗೆ ಎರಡು ದಾರಿ.
ಒಂದು ಮಾತು ಹೊರಟರೆ ಕೊನೆತನಕ ಒಂದೇ ತಂತಿಯಲ್ಲಿ;
ಪಕ್ಕದ್ದು ಖಾಲಿ ಬಿದ್ದಿದ್ದರೂ ಅತ್ತ ಜಿಗಿಯದು.
ಒಂದೇ ಜೀವದ ಮನೆಗೆ ಇದು ದಂಡ.
ಮನೆಯಲ್ಲಿ ಎಷ್ಟು ಜನ?

ಕೈಚೀಲ ಮುಚ್ಚಿದರು. ಮತ್ತೆ ತೆರೆದರು.
“ಇಬ್ಬರು ಹುಡುಗಿಯರು, ಬಾಡಿಗೆಗೆ. ಸಿನಿಮಾ ಶಾಲೆಯವರು.
ಕಲೀನಾ ಚಿತ್ರ ಕತ್ತರಿಸುತ್ತಾಳೆ, ಇಗಾ ಸದ್ದು ಕೂರಿಸುತ್ತಾಳೆ.
ಇಬ್ಬರ ಗಂಟೂ ಒಂದೇ ಡಬ್ಬಿಯಲ್ಲಿ,
ನನ್ನ ಹಿಟ್ಟಿನ ಅಲಮಾರಿಯ ಮೇಲೆ ಗುರುಗುಡುತ್ತದೆ.
ಒಬ್ಬಳು ತೆಗೆದರೆ ಇನ್ನೊಬ್ಬಳದು ನಿಲ್ಲುತ್ತದೆ.
ಮೂರು ವಾರದಿಂದ ಮಾತಿಲ್ಲ.
ಸೂಪಿಗೆ ಉಪ್ಪು ಬಿದ್ದಿದೆಯೇ ಅನ್ನುವುದನ್ನೂ
ನನ್ನ ಕೈಲಿ ಕೇಳಿಸುತ್ತಾರೆ.”

ಹಾಗಿದ್ದರೆ ಸರಿ, ಇದು ಇರುವುದೇ ಅದಕ್ಕೆ.
ಇಬ್ಬರೂ ಒಮ್ಮೆಗೇ ಕೈಚಾಚಿದರೆ ಒಬ್ಬಳಿಗೆ ಇದು, ಒಬ್ಬಳಿಗೆ ಅದು.
ಬಹುಮಟ್ಟಿಗೆ. ಲೆಕ್ಕ ತಪ್ಪಿ ಇಬ್ಬರೂ ಒಂದಕ್ಕೇ ಬೀಳುವುದೂ ಉಂಟು.
ಒಂದು ತುಂಡಾದರೆ ಇನ್ನೊಂದು ಹೊರುತ್ತದೆ, ಸದ್ದಿಲ್ಲದೆ.
ಆದರೆ ಆ ಡಬ್ಬಿಗೂ ಎರಡು ಬಾಯಿ ಇರಬೇಕು,
ಎರಡು ಕಡೆಯೂ ಒಪ್ಪಿರಬೇಕು.

“ಬಾಯಿ ಎರಡಿವೆ. ಒರೆಸುವಾಗ ನೋಡಿದ್ದೇನೆ.”

ಕಪ್ಪು ಜೇಡವನ್ನು ಇಳಿಸಿ, ಅಡಿಯ ಸಣ್ಣಕ್ಷರ ಓದಿದೆ.
ಅದು ಕೂಡಿಸುವುದು ಬೀದಿಯ ಕಡೆಯದನ್ನು ಮಾತ್ರ.
ಸ್ವಸ್ಥಾನಕ್ಕೆ ಹೋಯಿತು, ಎಂಟು ಕೊಂಬಿನ ಸಮೇತ.
ಕೆಳಗಿನ ಅರೆಯಲ್ಲಿ ಹೋದ ವರ್ಷದ ಬೂದು ಪೆಟ್ಟಿಗೆ,
ಒಂದು ಮೂಲೆ ಜಜ್ಜಿದ್ದು, ಮುನ್ನೂರ ನಲವತ್ತು.
ಮೂರನೆಯ, ನಾಲ್ಕನೆಯ ತೂತಿನ ನಡುವೆ
ಕಂಡೂ ಕಾಣದ ಒಂದು ಗೆರೆ.
ಇದು, ಎಂದೆ.

ಎರಡು ಗಜ ಉದ್ದದ ತಂತಿ ಎರಡು, ಒಂದು ನೀಲಿ, ಒಂದು ಹಳದಿ.
“ಯಾವ ಹುಡುಗಿಗೆ ಯಾವುದು ಅಂತ ಗೊತ್ತಾಗುತ್ತದೆಯೇ?”
ಇಲ್ಲ.
“ಒಳ್ಳೇದಾಯ್ತು. ಗೊತ್ತಾಗಿದ್ದರೆ ಬಣ್ಣಕ್ಕೂ ಕಿತ್ತಾಡುತ್ತಿದ್ದರು.”

ದೀಪ ಆರಿಸುವಾಗ ಕಂಡದ್ದು: ಚೀಟಿ ಇಲ್ಲೇ ಉಳಿದಿದೆ.
ಮೊದಲ ಸಾಲು ದುಂಡು ಅಕ್ಷರ, ನೀಲಿ ಶಾಯಿ.
ಎರಡನೆಯದು ಮೊನೆಮೊನೆ, ಪೆನ್ಸಿಲು.
ಅಜ್ಜಿಯ ಕೈಯಲ್ಲ ಎರಡೂ.

ಹಿಂದೆ ಕಣ್ಣಿನ ಹನಿಯ ಹೆಸರಿತ್ತು, ಬೇಕಾದೀತೆಂದು ಓಡಿದೆ.
ಟ್ರಾಮು ಹೊರಟಿತ್ತು. ಮಂಜುಗಟ್ಟಿದ ಗಾಜಿನಾಚೆ ಅವರು
ಪೆಟ್ಟಿಗೆ ಮಡಿಲಲ್ಲಿಟ್ಟು, ನೀಲಿಗೆ ಹಳದಿ ಹೆಣೆದು,
ತೊಡೆಯ ಮೇಲೆ ಹೊಸೆದು ಹೊಸೆದು
ಹುರಿ ಹಾಕಿ ನೋಡುತ್ತಿದ್ದರು.