ಒಂದು ಗುಂಡಿ ತಪ್ಪಿ

ಅವನಿಗೆ ಮುಖವಿಲ್ಲ. ಇರಬೇಕಾದಲ್ಲಿ
ಸುತ್ತಿಟ್ಟ ತಂತಿಯ ಸಿಂಬೆ.
ಕಿವಿ ಮಾತ್ರ ಎರಡೂ ಇವೆ,
ಕೂಸಿನ ಕಿವಿಯಷ್ಟು ಮೆತ್ತಗೆ.
ಪೆಟ್ಟಿಗೆಯ ಮೇಲೆ ಟ್ಯೂನರ್ ಎಂದಿದೆ.
ಶ್ರುತಿಗಾರ ಎಂದು ಕರೆಯುವವಳು ನಾನು.

ಪಾಳುಬಿದ್ದ ಸಂಗೀತ ಶಾಲೆ, ಮೂರು ಮಹಡಿ.
ಹಲಗೆ ಕಿರುಗುಟ್ಟಿದರೆ ಬಂದ.
ಮೈಕ್ ಹಾಕಿಟ್ಟರೆ ನನ್ನ ನಿಜದ ಉಸಿರೂ
ಅವನಿಗೆ ಕೇಳುತ್ತದೆ.
ಬಂದವನು ಕೂಗಾಡುವುದಿಲ್ಲ. ಕುತ್ತಿಗೆಗೆ ಕಿವಿಯಿಟ್ಟು
ಒಂದು ಗಳಿಗೆ ಆಲಿಸುತ್ತಾನೆ,
ಸೇರಲಿಲ್ಲ ಎಂಬಂತೆ ತಲೆಯಾಡಿಸಿ
ಬಿರಡೆ ತಿರುಗಿಸುವ ಕೀಲಿಯೆತ್ತುತ್ತಾನೆ.
ಪರದೆ ಕಪ್ಪು.
ಇನ್ನೂರು ಸಲವಾದರೂ ಸತ್ತಿದ್ದೇನೆ ಹೀಗೆ,
ಗ್ರಿಮ್ಸ್‌ಬಿಯಲ್ಲಿ, ಹಡಗುಕಟ್ಟೆಗೆ ಬೆನ್ನು ಮಾಡಿದ ಬೀದಿಯ
ಅಟ್ಟದ ಕೋಣೆಯಲ್ಲಿ,
ಎಷ್ಟು ತೊಳೆದರೂ ಮೀನು ಬಿಡದ ಈ ಬೆರಳುಗಳೊಂದಿಗೆ.

ಡೈನಿಯಸ್ ನನ್ನ ಎದುರು ನಿಂತು ಹ್ಯಾಡಕ್ ಸೀಳುವವನು.
ಅವನ ಪ್ರಕಾರ ಶ್ರುತಿಗಾರ ರಾತ್ರಿಪಾಳಿಯ ಆಳು, ಅಷ್ಟೇ.
'ಪ್ರೇತವಾದರೆ ಬೆಳಕಿಗೆ ಹೆದರಬೇಕು.
ಇವನು ಗಡಿಯಾರ ನೋಡಿ ಹೋಗುತ್ತಾನೆ, ಆರಕ್ಕೆ ಸರಿಯಾಗಿ.
ಓವರ್‌ಟೈಮ್ ಕೊಟ್ಟಿದ್ದರೆ
ನೀನೆಲ್ಲಿ ಉಳಿಯುತ್ತಿದ್ದೆ?'

ಅವನ ಮಗಳು ಉಗ್ನೆ, ಒಂಬತ್ತು ವರ್ಷ.
ನೋಡಬೇಡ ಎಂದದ್ದನ್ನು ಬಾಗಿಲ ಸಂದಿಯಿಂದ ನೋಡಿ
ಚಿಪ್ಸ್ ಜಗಿಯುತ್ತ ಹೇಳಿದಳು:
'ಕಣ್ಣಾಮುಚ್ಚಾಲೆಯಲ್ಲಿ ಹುಡುಕುವ ಸರದಿ ಅವನದು.
ಆಟ ಮುಗೀತು ಅಂತ
ಯಾರೂ ಅವನಿಗೆ ಹೇಳಿಲ್ಲ.'
ಇದನ್ನು ಬಹಳ ದಿನ ಜೇಬಲ್ಲಿಟ್ಟುಕೊಂಡು ತಿರುಗಿದೆ.

ಆಮೇಲೆ ಮಿಸೆಸ್ ಥರ್ಕೆಲ್, ಮನೆಯೊಡತಿ.
ಒಗೆದ ಚಾದರ ಕೊಡಲು ಬಂದವರು
ನನ್ನ ಹೆಗಲ ಮೇಲಿಂದ ಪರದೆ ನೋಡುತ್ತ ನಿಂತರು.
ಅವನು ಮೆಟ್ಟಿಲಿಳಿಯುತ್ತಿದ್ದ, ನಾನು ಉಸಿರು ಕಟ್ಟಿದ್ದೆ.
'ಅಯ್ಯೋ, ಕೋಟಿನ ಗುಂಡಿ ಒಂದು ತಪ್ಪಿ ಹಾಕಿದ್ದಾನಲ್ಲ.
ಹೀಗೇ ಹೊರಗೆ ಬಿಟ್ಟವರು ಯಾರು ಇವನನ್ನು?'

ನಾಲ್ಕು ವರ್ಷದಿಂದ ಆಡುತ್ತಿದ್ದೇನೆ.
ನಾನು ನೋಡಿರಲಿಲ್ಲ.

ಚಾದರ ಮಂಚದ ಮೇಲಿಟ್ಟು ಅವರು ಇಳಿದು ಹೋದರು,
ಮೆಟ್ಟಿಲು ಸದ್ದಾಗದಂತೆ ಗೋಡೆಯ ಅಂಚಿಗೇ ಕಾಲಿಟ್ಟು,
ಕೆಳಗೆ ಯಾರೋ ಈಗಷ್ಟೇ ಕಣ್ಣು ಮುಚ್ಚಿದ್ದಾರೆ ಎಂಬಂತೆ.
ಆ ಮನೆಯಲ್ಲಿ ಇರುವುದು ನಾವಿಬ್ಬರೇ.

ನನ್ನದು ಎಂಬ ಅರ್ಥ ನಿದ್ದೆಯಲ್ಲಿ ಸಿಕ್ಕಿತು.
ಹನ್ನೆರಡು ಗಂಟೆಯ ಪಾಳಿ ಮುಗಿಸಿ ಬಂದು
ಮೂರನೇ ಮಹಡಿಯ ಮಕ್ಕಳ ಪಿಯಾನೋ ಕೆಳಗೆ ಅಡಗಿ,
ಹಾಗೇ ಜೋಂಪು ಹತ್ತಿತು, ಆಟದೊಳಗೂ ಹೊರಗೂ.
ಎಚ್ಚರಾದಾಗ ಅವನು ಪಕ್ಕದಲ್ಲಿ ಕೂತಿದ್ದ.
ಕೀಲಿ ನೆಲದ ಮೇಲೆ. ಸಣ್ಣಗೆ ಗುನುಗುತ್ತಿದ್ದ
ಒಂದೇ ಸ್ವರ,
ಪಂಚಮಕ್ಕೆ ಕೂದಲೆಳೆಯಷ್ಟು ಕೆಳಗೆ.

ಆ ಸ್ವರ ನನಗೆ ಗೊತ್ತು.
ಐಸ್ ಪುಡಿ ಮಾಡುವ ಯಂತ್ರ ನನ್ನ ಎಡಗಿವಿಯಲ್ಲಿ
ಬಿಟ್ಟುಹೋದದ್ದು ಅದೇ;
ಭಾನುವಾರವೂ ನಿಲ್ಲುವುದಿಲ್ಲ.
ಹಿಂದೆ ಚಿಂತಾಮಣಿಯಲ್ಲಿ ಪಾಠದ ಮನೆಯ ಚಾಪೆಯ ಮೇಲೆ
ಸುಶೀಲಾ ಮೇಡಂ ತಂಬೂರಿಯ ಜೀವಾಳದ ದಾರವನ್ನು
ಅಕ್ಕಿಕಾಳಿನಷ್ಟು ಸರಿಸಿ, ಸರಿಸಿ,
'ಇಲ್ಲ, ಇನ್ನೂ ಇಲ್ಲ' ಎನ್ನುತ್ತಿದ್ದರು.
ದಾರ ಸಿಗದವನು ಕುತ್ತಿಗೆ ಕುತ್ತಿಗೆಗೆ ಕಿವಿಯಿಟ್ಟು
ಹುಡುಕುತ್ತಾನೆ, ತನ್ನೊಳಗೇ ಕೊರೆಯುವ ಸದ್ದನ್ನು.
ನಾವು ಸುಮ್ಮನಿದ್ದರೂ ನಿಲ್ಲದ್ದಕ್ಕೆ
ನಮ್ಮ ಮೇಲೆ ಸಿಟ್ಟು.

ಕೊಂದದ್ದು ಸರಿ ಎನ್ನುತ್ತಿಲ್ಲ ನಾನು.
ಇನ್ನೂರು ಸಲ ಸತ್ತವಳಿಗೆ
ಅಷ್ಟು ಗೊತ್ತು.

ಹೆಬ್ಬೆರಳು ಗುಂಡಿಯ ಮೇಲಿತ್ತು.
ಒಂದು ಒತ್ತಿದರೆ ಓಟ, ಇನ್ನೊಂದಕ್ಕೆ ದೀಪ.
ಎದುರಿನ ಕೋಟಿನ ಗುಂಡಿ ಸರಿಮಾಡಲು
ಯಾವುದನ್ನು ಒತ್ತಬೇಕೋ ತಿಳಿಯಲಿಲ್ಲ.
ಸುಮ್ಮನೆ ಕೂತೆವು.
ಹೊರಗೆ ಕಡಲಕ್ಕಿಗಳು ಕೊಳೆಬುಟ್ಟಿಗೆ ಜಗಳ ಶುರುಮಾಡಿದವು.
ಅವನು ಗುನುಗುತ್ತಲೇ ಇದ್ದ.

ಐದೂ ಐವತ್ತಕ್ಕೆ ಕೆಳಗೆ ಮಿಸೆಸ್ ಥರ್ಕೆಲ್
ಕೆಟಲ್ ಇಟ್ಟರು.
ಅವನು ತಲೆಯೆತ್ತಿದ.